ಪಕ್ಕದ ಹಲಗೆಯ ದರ

ಕಿಟಕಿ ಪಕ್ಕದ ಮೇಜು,
ಜನವರಿ ೧೯, ಭಾನುವಾರ

ಮುದ್ದಿನ ಮಗಳೇ,

ಈ ಊರಿನ ಓಟದ ಕುದುರೆಗಳೆಲ್ಲ ಬೆಳಿಗ್ಗೆ ನನ್ನ ಮುಖ ನೋಡಿಯೇ ಗೆಲ್ಲಬೇಕೋ ಸೋಲಬೇಕೋ ಎಂದು ತೀರ್ಮಾನಿಸುತ್ತವೆ. ಅಂಥ ನಿನ್ನ ಚಿಕ್ಕಪ್ಪ ಕ್ಷೇಮ. ನಿನ್ನ ನೆಗಡಿ ಹೇಗಿದೆ? ಹಾಸ್ಟೆಲಿನ ಊಟ ಒಗ್ಗಿತೇ? ಕಣ್ಣು ಕೆಡಿಸಿಕೊಂಡು ಓದಬೇಡ. ನಮ್ಮ ಮನೆತನದ ಮೂಗಿನ ಮೇಲೆ ಕನ್ನಡಕ ನಿಲ್ಲುವುದಿಲ್ಲ.

ನಿನ್ನ ಕಾಗದ ತಲುಪಿತು. ಒಂದು ಪುಟ, ಅದರಲ್ಲೂ ಅರ್ಧ ಖಾಲಿ. ನಿನ್ನ ಸೋದರಮಾವನಿಗೆ ನಾಲ್ಕು ಪುಟ ಬರೆದೆಯಂತೆ! ಓಟದ ಮೈದಾನದಲ್ಲಿ ಜನರಿಂದ ಬಾಜಿ ಹಿಡಿಯುವ ಅವನ ಕಟ್ಟೆ ನನ್ನದಕ್ಕೆ ಅಂಟಿಕೊಂಡೇ ಇದೆಯಲ್ಲ, ಎದೆಯ ಜೇಬಿನಿಂದ ತೆಗೆದು ತೆಗೆದು ಓದುತ್ತಾನೆ, ನನಗೆ ಕೇಳಿಸಲೆಂದೇ. ಕುದುರೆಯ ಹಿಂದಿನ ಓಟ ನೋಡಿ ಅಂಕ ಕೊಡುವುದು, ಅಂಕದಿಂದ ನೂರಕ್ಕೆ ಎಷ್ಟು ಪಾಲು ಗೆಲ್ಲಬಹುದು ಎಂದು ಎಣಿಸುವುದು, ಪಾಲಿನಿಂದ ದರ ಕಟ್ಟುವುದು: ಈ ವಿದ್ಯೆಯನ್ನು ನೀನು ಮೊದಲು ಮಾಡಿ ತೋರಿಸಿದ್ದು ಯಾರ ಕಟ್ಟೆಯಲ್ಲಿ? ನನ್ನ ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತು! ಈಗ ಅದನ್ನು ಅಂಚೆಯಲ್ಲಿ ಅವನಿಗೆ ಕಳಿಸಿದ್ದೀಯ. ಇರಲಿ. ನನಗೇನೂ ಹೊಟ್ಟೆಕಿಚ್ಚಿಲ್ಲ. ಅವನ ಅಂಗಿಯ ಇಸ್ತ್ರಿ ನೋಡಿದರೆ ಮಾತ್ರ ಸ್ವಲ್ಪ ಎದೆ ಉರಿಯುತ್ತದೆ.

ನಿನ್ನೆ ಮೂರೇ ಕುದುರೆಗಳ ಸಣ್ಣ ಓಟ. ಕಂದು, ಬಿಳಿ, ಕರಿ. ನೂರು ಕಟ್ಟಿದವನಿಗೆ ಗೆದ್ದರೆ ಕಂದಿಗೆ ನೂರೆಂಬತ್ತು, ಬಿಳಿಗೆ ಮುನ್ನೂರು, ಕರಿಗೆ ನಾನೂರೈವತ್ತು ಎಂದು ಅವನು ಹಲಗೆಯ ಮೇಲೆ ಬರೆದ. ಪಕ್ಕಾ ನಿನ್ನ ಲೆಕ್ಕ. ನೀನು ಹಾಕುವ ಹಾಗೆ ಸೊನ್ನೆಯ ಹೊಟ್ಟೆಗೆ ಗೆರೆ ಹಾಕುವುದನ್ನೂ ಕಲಿತಿದ್ದಾನೆ. ನಾನು ಸುಮ್ಮನಿರುವವನೇ? ಅಂಕವೂ ಬೇಡ, ಪಾಲೂ ಬೇಡ ಎಂದು ಅವನ ಹಲಗೆ ನೋಡಿಕೊಂಡೇ ಒಂದೊಂದನ್ನೂ ಏರಿಸಿದೆ: ಇನ್ನೂರೈವತ್ತು, ನಾನೂರು, ಐನೂರು. ಅವನ ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿದರು. ಆಹಾ, ಆ ಸುಖವನ್ನು ಹೇಗೆ ಬರೆಯಲಿ!

"ಭಾವ, ಹಲಗೆ ಒರೆಸಿ! ಮೂರರ ಪಾಲನ್ನೂ ಕೂಡಿಸಿ ನೋಡಿ!" ಎಂದು ಅವನು ಕಟ್ಟೆ ಬಿಟ್ಟು ಓಡಿಬಂದ. "ಯಾಕಪ್ಪಾ, ಉರೀತಾ ಇದೆಯಾ?" ಎಂದು ಸೀಮೆಸುಣ್ಣದಿಂದ ಐನೂರನ್ನು ಇನ್ನಷ್ಟು ದಪ್ಪ ಮಾಡಿದೆ.

ಛತ್ರಿ ಹಿಡಿದ ಗಿರಾಕಿಯೊಬ್ಬ ಬಂದು ಮೂರಕ್ಕೂ ಕಟ್ಟಿದ. ಪೆದ್ದ ಎಂದು ನಕ್ಕೆ. ಬಿಳಿ ಗೆದ್ದಿತು. ದುಡ್ಡು ಎಣಿಸಿಕೊಂಡು ಅವನು ನಕ್ಕ. ಮನೆಗೆ ಬಂದರೆ ನಿನ್ನ ಚಿಕ್ಕಮ್ಮ, "ಅಲ್ಲಾರೀ, ಕಂದಿಗೆ ನಲವತ್ತು, ಬಿಳಿಗೆ ಇಪ್ಪತ್ತೈದು, ಕರಿಗೆ ಇಪ್ಪತ್ತು ಕಟ್ಟಿದ್ರೆ ಕೈಯಿಂದ ಹೋಗೋದು ಎಂಬತ್ತೈದು. ಯಾವುದು ಗೆದ್ರೂ ಬರೋದು ನೂರು. ಮೂರೂ ಕುದುರೆ ನಿಂತಲ್ಲೇ ನಿದ್ದೆ ಮಾಡಿದ್ರೆ ಮಾತ್ರ ನಿಮಗೆ ಲಾಭ" ಎಂದಳು. ಪಾಲುಗಳ ಮೊತ್ತ ನೂರು ದಾಟಬೇಕು, ದಾಟಿದ್ದೇ ನಮ್ಮ ಅನ್ನ ಎಂದು ನೀನು ಹೇಳುತ್ತಿದ್ದದ್ದು ಆಗ ನೆನಪಾಯಿತು; ನನ್ನದು ಎಂಬತ್ತೈದಕ್ಕೇ ನಿಂತಿತ್ತು. ನನಗೆ ಆದದ್ದು ಒಂದು ಜೊತೆ ಚಪ್ಪಲಿಯಷ್ಟು ನಷ್ಟ, ಬಿಡು.

ರಜೆಗೆ ಬಂದಾಗ ಯಾರ ಕಟ್ಟೆಯಲ್ಲಿ ಕೂರುತ್ತೀ ಎಂದು ಮೊದಲೇ ತಿಳಿಸು. ಸ್ಟೂಲಿಗೆ ಹೊಸ ಕಾಲು ಹಾಕಿಸಿದ್ದೇನೆ. ಚಿಕ್ಕಮ್ಮ ನಿನ್ನನ್ನು ದಿನಾ ನೆನೆಸುತ್ತಾಳೆ. ನೂರು ಕಾಲ ಚೆನ್ನಾಗಿರು.

ನಿನ್ನ ಒಬ್ಬನೇ ಚಿಕ್ಕಪ್ಪ

ಮಡಿಸಿದ ಕಾಗದ ಬಿಡಿಸಿ ಬರೆದದ್ದು: ನಿನ್ನ ಮಾವ ಬೆಳಿಗ್ಗೆ ಬಂದಿದ್ದ. "ಎಷ್ಟು ಹೋಯ್ತು ಭಾವ? ನಾನು ಕೊಡ್ತೀನಿ, ಮಗುಗೆ ಹೇಳೋದು ಬೇಡ" ಎಂದ. ಒಳ್ಳೆಯವನಾಗಿಯೂ ನನ್ನನ್ನು ಸೋಲಿಸಬೇಕೇ ಅವನು? ಎರಡು ಸಾವಿರ ಎಂದು ಹೇಳಿ ಕಾಫಿ ಕುಡಿಸಿ ಕಳಿಸಿದೆ. ಚಿಕ್ಕಮ್ಮನಿಗೆ ಐದು ಎಂದಿದ್ದೇನೆ. ನಿಜವಾದ ಲೆಕ್ಕ ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ, ಅವನಿಗೆ ಬರೆಯುವ ನಾಲ್ಕು ಪುಟದಲ್ಲಿ ಇದು ಇರಕೂಡದು: ಹದಿನೈದು ಸಾವಿರ.