ಕಾಲು ಹೋಳಿಗೆಯ ಪಾಠ

ಜರಗನಹಳ್ಳಿ
ಗುರುವಾರ

ಅತ್ತೆಯವರಿಗೆ ನಮಸ್ಕಾರ.

ಮುನಿಸಿಕೊಂಡು ತ್ಯಾಗರಾಜನಗರದ ಮಗಳ ಮನೆಗೆ ಹೋದವರು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ನಾನು ಹೋಳಿಗೆ ಕತ್ತರಿಸಿ ಭಿನ್ನರಾಶಿಯ ವಿಡಿಯೊ ಮಾಡುವಾಗ ನೀವು, "ಇದೇನೇ, ಒಂದು ತುಂಡು ಅಷ್ಟು ದೊಡ್ಡದು! ಇದು ಕಾಲು ಭಾಗ ಹೆಂಗಾಗುತ್ತೆ?" ಎಂದಿರಿ. "ನಡುವೆ ಬಾಯಿ ಹಾಕ್ಬೇಡಿ" ಎಂದು ನಾನು ರೇಗಿದೆ. ಆತುರದಲ್ಲಿ ನಿಮ್ಮ ಮಾತೂ ಸೇರಿದ್ದ ಆ ವಿಡಿಯೊವನ್ನೇ ನಮ್ಮ ಗಣಿತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ.

ಈಗ ಅಲ್ಲಿ ಎಲ್ಲರಿಗೂ ನೀವೇ ಬೇಕು. ಭಾಗಗಳು ಸಮ ಇರಬೇಕೆಂದು ಅವರ ತರಗತಿಯ ಮಕ್ಕಳಿಗೆ ನಿಮ್ಮ ಒಂದೇ ಮಾತಿನಿಂದ ತಿಳಿಯಿತಂತೆ. ಬೇಕೆಂದೇ ತಪ್ಪಾಗಿ ಕತ್ತರಿಸಿದ ನನ್ನ ಉಪಾಯವನ್ನೂ ಹೊಗಳಿದ್ದಾರೆ.

ಭಾನುವಾರ ಮುಕ್ಕಾಲಿನ ಪಾಠ. ಹೂರಣಕ್ಕೆ ಬೇಳೆ ಬೇಯಿಸಿಟ್ಟಿರುತ್ತೇನೆ. ಬನ್ನಿ, ದಯವಿಟ್ಟು ನಡುವೆ ಬಾಯಿ ಹಾಕಿ.

ಬೇಕೆಂದು ಕತ್ತರಿಸಿದ್ದಲ್ಲ ಎಂಬುದು ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ನಿಮ್ಮ ಸೊಸೆ,
ಮೈತ್ರಿ