ಕೊನೆಯ ಗುರುವಾರಕ್ಕೆ ಮುನ್ನವೇ ಬಿದ್ದ ಬೀಗ

ಮಾನಸಿಕ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿ ದೇವಕಮ್ಮನ ಚಿಕಿತ್ಸೆಯನ್ನು ನೀವು ನಡುವೆಯೇ ನಿಲ್ಲಿಸಿದ್ದೀರಿ. ಅದೂ ಒಂದು ಮಾತು ಹೇಳದೆ.

ವೈದ್ಯರು ಅವಳ ನಡವಳಿಕೆಯನ್ನು ವ್ಯಕ್ತಿತ್ವದ ತೊಂದರೆ ಎನ್ನುವವರೆಗೆ ನಮ್ಮ ದೇವಾಪುರದಲ್ಲಿ ಅವಳು ಬರೀ ಜಗಳಗಂಟಿ. ಇವತ್ತು ತಬ್ಬಿಕೊಂಡವರನ್ನು ನಾಳೆ ಅಂಗಳದಿಂದ ಅಟ್ಟುವವಳು. ಯಾರಾದರೂ ತಡವಾಗಿ ಬಂದರೆ, ತನ್ನನ್ನು ಬಿಟ್ಟೇ ಹೋದರೆಂದು ತನಗೇ ಗಾಯ ಮಾಡಿಕೊಳ್ಳುವವಳು. ಆಪ್ತಸಮಾಲೋಚಕಿ ಸಾಯಬಮ್ಮ ಇಡೀ ಸ್ವಭಾವ ಬದಲಿಸುವ ಮಾತಾಡಲಿಲ್ಲ. ಮೂರು ತಿಂಗಳು, ಗುರುವಾರಕ್ಕೊಮ್ಮೆ, ಒಂದೇ ಗುರಿ: ಸಿಟ್ಟಿಗೂ ಬಾಯಿಗೂ ನಡುವೆ ಸ್ವಲ್ಪ ಜಾಗ.

ನಮ್ಮ ಹೊಲ ಕಾಲುವೆಯ ಕೊನೆಗಿದೆ. ಮೇಲಿನ ಹೊಲದ ಪರಮಣ್ಣ ನಮ್ಮ ಸರದಿಯ ನೀರು ತಿರುಗಿಸಿಕೊಂಡ ದಿನ ಅವಳು ಸಲಿಕೆ ಹಿಡಿದೇ ಹೋದಳು. ಆದರೆ ಸಿಟ್ಟು ಬಂದರೆ ಮೊದಲು ಸ್ವಲ್ಪ ನಡೆ ಎಂದು ಸಾಯಬಮ್ಮ ಕಲಿಸಿದಂತೆ ಮುಂದಿನ ತೂಬಿನವರೆಗೆ ನಡೆದು, ತಿರುಗಿ ಬಂದು ಹೇಳಿದಳು: “ಅಣ್ಣಾ, ನಿನ್ನ ಭತ್ತ ಕುಡದದ್ದು ಸಾಕೇನು? ನಮ್ಮವೂ ಬಾಯಿ ತಕ್ಕೊಂಡು ನಿಂತಾವ.”

ಪರಮಣ್ಣ ಪೆಚ್ಚಾಗಿ ನಕ್ಕ. “ಯವ್ವಾ, ನೀ ಬೈದಿದ್ರೇ ಚೊಲೊ ಇತ್ತು. ತಗೊ ನೀರು.”

ಚಿಕಿತ್ಸೆ ಮುಗಿಯುವ ದಿನವನ್ನು ಸಾಯಬಮ್ಮ ಮೊದಲ ದಿನವೇ ಹೇಳಿದ್ದರು. ಬಿಟ್ಟುಹೋಗುವುದು ಬೇರೆ, ಹೇಳಿ ಹೋಗುವುದು ಬೇರೆ ಎಂದು ತಂಗಿ ಕಲಿಯಬೇಕಿದ್ದದ್ದು ಆ ಕೊನೆಯ ಗುರುವಾರವೇ. ಅಷ್ಟರಲ್ಲಿ ನೀವು ಅವರನ್ನು ಯಾವುದೋ ಸಮೀಕ್ಷೆಯ ಕೆಲಸಕ್ಕೆ ಅಟ್ಟಿದಿರಿ. ಆಸ್ಪತ್ರೆಯಲ್ಲಿ ಅವರ ಕೋಣೆಗೆ ಬೀಗ. ವಿಚಾರಿಸಿದರೆ ನಿಮ್ಮ ಸಿಬ್ಬಂದಿ, “ಆಕಿಗಿ ಗುಳಗಿನೇ ಇಲ್ಲಲ್ರಿ. ಗುಳಗಿ ಇಲ್ಲಂದ್ರ ರೋಗ ಎಲ್ಲಿಂದ ಬಂತು?” ಎಂದರು. ಎಂಥ ಸರಳ ವೈದ್ಯಶಾಸ್ತ್ರ! ಔಷಧಿ ಕಿಟಕಿಯಲ್ಲಿ ಕೈ ಚಾಚದವರೆಲ್ಲ ಆರೋಗ್ಯವಂತರೇ?

ನಾನು ಕವಿತೆ ಓದುವವಳು. ಕವಿತೆ ಚಿಕ್ಕದಿರಬಹುದು, ಆದರೆ ಕೊನೆಯ ಸಾಲು ಹರಿದುಹೋದದ್ದನ್ನು ಚಿಕ್ಕ ಕವಿತೆ ಎನ್ನುವುದಿಲ್ಲ.

“ಅಕ್ಕಾ, ನಾ ಏನ್ ತಪ್ಪು ಮಾಡೀನಂತ ಅವ್ರು ಹೇಳದೇ ಹೋದ್ರು?” ಎಂದು ತಂಗಿ ಕೇಳುತ್ತಾಳೆ. ಉತ್ತರ ಕೊಡಬೇಕಾದವರು ನೀವು. ಅವಳು ಕೇಳುವುದು ನನ್ನನ್ನು. ಕಾಲುವೆಗೆ ನೀರು ನಿಲ್ಲಿಸುವಾಗಲೂ ಊರಿಗೆ ಮೊದಲೇ ತಿಳಿಸುತ್ತಾರೆ. ಭತ್ತಕ್ಕಿರುವ ಆ ಮರ್ಯಾದೆ ಅವಳಿಗಿಲ್ಲವೇ?

ಹೊಸ ಆಸ್ಪತ್ರೆ ಕೇಳುತ್ತಿಲ್ಲ. ಸಾಯಬಮ್ಮನವರನ್ನು ಉಳಿದ ಗುರುವಾರಗಳಿಗೆ ಕಳಿಸಿ. ಅದೂ ಆಗದಿದ್ದರೆ ಒಂದೇ ಒಂದು ಮಧ್ಯಾಹ್ನ, ಎದುರು ಕುಳಿತು “ಹೋಗಿಬರುತ್ತೇನೆ” ಎನ್ನಲಾದರೂ ಕಳಿಸಿ. ದೇವಕಮ್ಮ ಇವತ್ತಿಗೂ ಗುರುವಾರ ಟಂಟಂ ಆಟೊ ಹತ್ತಿ ಹೋಗಿ ಆ ಬೀಗದ ಮುಂದಿನ ಬೆಂಚಿನ ಮೇಲೆ ಕೂರುತ್ತಾಳೆ. ಯಾರನ್ನೂ ಬೈಯುವುದಿಲ್ಲ. ತಡೆಯಲಾರದಾದಾಗ ಎದ್ದು ಆಸ್ಪತ್ರೆಯ ಗೇಟಿನವರೆಗೆ ನಡೆದು, ತಿರುಗಿ ಬಂದು ಮತ್ತೆ ಕೂರುತ್ತಾಳೆ.

ಇಂತಿ,
ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುವ ಅಕ್ಕ,
ದೇವಾಪುರ