ಲಾನ್‌ಗೆ ಸಿಗುವ ಬೈಗುಳ

ಕನಜಾವಾ, ಜಪಾನ್
ಶನಿವಾರ

ಪ್ರೀತಿಯ ಅಮ್ಮಾ,

ಕಾಲೇಜು ಮುಗಿಸಿಕೊಂಡು ಸಂಜೆ ನಾನು ದುಡಿಯುವ ವಸತಿಗೃಹದ ಒಡತಿ ಚಿಯೊಕೊ ಅವರು ನನ್ನನ್ನು ದಿನವೂ ಹೊಗಳುತ್ತಾರೆ. ಹಾಸಿಗೆ ಸೊಟ್ಟಗೆ ಮಡಚಿದರೂ "ಆಹಾ, ಎಷ್ಟು ಚೆನ್ನಾಗಿ ಮಾಡ್ತೀರಿ!" ಎನ್ನುತ್ತಾರೆ. ನನ್ನ ಜೊತೆಗೇ ಸೇರಿದ ವಿಯೆಟ್ನಾಮಿನ ಲಾನ್‌ಗೆ ಮಾತ್ರ "ಏ ಹುಡುಗಿ, ಚಪ್ಪಲಿ ಹೀಗಾ ಜೋಡಿಸೋದು?" ಎಂದು ಬೈಗುಳ.

ನಾನು ಬೀಗುತ್ತಿದ್ದೆ. ಲಾನ್ ನಕ್ಕಳು: "ಅಯ್ಯೋ ಪೆದ್ದಿ, ಹೊಗಳೋದು ಹೊರಗಿನವ್ರನ್ನ ಕಣೇ!"

ಅಡುಗೆಮನೆಯಲ್ಲಿ ಅವಳದೇ ಟೀ ಬಟ್ಟಲಿದೆ. ನನಗೆ ಇನ್ನೂ ಅತಿಥಿಗಳ ಬಟ್ಟಲು.

ನಿನ್ನೆ ಬೇಕೆಂದೇ ಚಪ್ಪಲಿಗಳನ್ನು ಅಡ್ಡಾದಿಡ್ಡಿ ಬಿಟ್ಟೆ. "ಪರವಾಗಿಲ್ಲ ಬಿಡಿ" ಎಂದು ಚಿಯೊಕೊ ತಾವೇ ಬಗ್ಗಿ ಜೋಡಿಸಿದರು. ನನಗೆ ಹೊಟ್ಟೆ ಉರಿದುಹೋಯಿತು.

ಪೊಖರಾದಿಂದ ಮೂಲಂಗಿ ಉಪ್ಪಿನಕಾಯಿ ಕಳಿಸಬೇಡ. ಅದರ ಬದಲು ಮುಂದಿನ ಪತ್ರದಲ್ಲಿ ನನ್ನನ್ನು ಚೆನ್ನಾಗಿ ಬೈದು ಬರೆ.

ನಿನ್ನ ಮಗಳು,
ಬಿನಿತಾ